ಅಪ್‌ಡೇಟ್: ಯಜಮಾನರ ಕೆಲಸ ಬದಲಾಯ್ತು, ತೋಟ ನಡೀತಿದೆ

ಯಜಮಾನರು ಬೆಂಗಳೂರು ಬಿಟ್ಟು ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದರೆ ತೀರ್ಥಹಳ್ಳಿ ಕಡೆಯ ನಮ್ಮ ಸಣ್ಣ ಅಡಿಕೆ ತೋಟ, ಹಸುಗಳನ್ನ ಸಂಭಾಳಿಸಬಹುದಾ ಅಂತ ಕೇಳಿದ್ದೆ. ಸೇರಿದರು. ಸಂಬಳ ಕಡಿಮೆ, ಆದರೆ ಬಾಡಿಗೆ ಉಳೀತು.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ಕೊಳೆ ರೋಗದ್ದೇ ದೊಡ್ಡ ಚಿಂತೆಯಾಗಿತ್ತು. ಅದಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿದ್ವಿ. ಮಳೆ ಹಿಡಿಯೋ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು. ಮದ್ದು ಹೊಡೆಯೋಕೆ ಮರ ಹತ್ತೋರು ಯಜಮಾನರಿಗೆ ರಜೆ ಇರೋ ಭಾನುವಾರವೇ ನೋಡ್ಕೊಂಡು ಬರಲ್ಲ, ಹಾಗಾಗಿ ಆ ಉಸ್ತುವಾರಿ ನನ್ನದೇ.

ಮಗಳು ಈಗ ರಾತ್ರಿ ಅಪ್ಪನ ಜೊತೆ ಕೂತು ಊಟ ಮಾಡ್ತಾಳೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಹುಲ್ಲು ಕೊಯ್ಯೋಕೆ ಆಳಿಲ್ಲದೆ ಒಂದು ಹಸು ಕೊಟ್ವಿ. ಅತ್ತೆ ಬಹಳ ಬೇಜಾರು ಮಾಡ್ಕೊಂಡ್ರು.

ತೋಟ ಚೇಣಿಗೆ (ಫಸಲನ್ನ ಗುತ್ತಿಗೆಗೆ) ಕೊಡಿ ಅಂದಿದ್ದವರಿಗೆ: ಈ ವರ್ಷ ಕೊಡ್ತಿಲ್ಲ.