ತಮ್ಮ ಅಮೆರಿಕದಲ್ಲಿ ವಾಕ್-ಆನ್ ಗಾರ್ಡ್, ಅಪ್ಪ ಇಲ್ಲಿ ಕೆಂಡ

ಗೋಣಿಕೊಪ್ಪದ ಅಕ್ಕ:
ನಮ್ಮ ತಮ್ಮ ಅಮೆರಿಕದಲ್ಲಿ ಡಿಗ್ರಿ ಓದುತ್ತಿದ್ದಾನೆ, ಡಿವಿಷನ್ ಒನ್ ಕಾಲೇಜು, ಅಂದರೆ ಅಲ್ಲಿನ ಕಾಲೇಜು ಕ್ರೀಡೆಯ ಮೇಲಿನ ದರ್ಜೆ. ಟ್ರೈಔಟ್‌ಗೆ ಹೋಗಿ ಬಾಸ್ಕೆಟ್‌ಬಾಲ್ ಟೀಮಿಗೆ ವಾಕ್-ಆನ್ ಆಗಿ ಸೇರಿಕೊಂಡ, ಚೆಂಡು ನಡೆಸುವ ಗಾರ್ಡ್ ಜಾಗಕ್ಕೆ. ವಾಕ್-ಆನ್ ಅಂದರೆ ಸ್ಕಾಲರ್‌ಶಿಪ್ ಇಲ್ಲ, ಫೀಸೆಲ್ಲ ನಮ್ಮದೇ. ಗೆಲುವು ಖಾತ್ರಿ ಆದ ಮೇಲೆ ಕೊನೆಗೆ ಒಂದೆರಡು ನಿಮಿಷ ಇಳಿಸುತ್ತಾರಂತೆ, ಅದೂ ಯಾವಾಗಲೋ. ಈಗ ಡಿಸೆಂಬರ್ ರಜೆಗೂ ಬರುವುದಿಲ್ಲ ಅಂದಿದ್ದಾನೆ. "ಕಾಫಿ ಕುಯ್ಯೋ ಹೊತ್ತಲ್ಲಿ ಮನೆಗೆ ಬರದೆ ಅಲ್ಲಿ ಬೆಂಚ್ ಕಾಯ್ತಾನಾ" ಅಂತ ಅಪ್ಪ ಕೂಗಾಡುತ್ತಿದ್ದಾರೆ. ನಮ್ಮದು ಹಾಕಿ ಮನೆ ಬೇರೆ. ಇದರಿಂದ ಅವನಿಗೆ ನಿಜಕ್ಕೂ ಏನಾದರೂ ಸಿಗುತ್ತದಾ?

ಅಲ್ಲಿ ಓದಿ ಬಂದವ:
ಅಕ್ಕ, ರಜೆಗೆ ಬರದಿರುವುದು ಅವನ ತಪ್ಪಲ್ಲ. ಸೀಸನ್ ನವೆಂಬರಿನಲ್ಲಿ ಶುರುವಾಗಿ ಮಾರ್ಚ್ ತನಕ ಇರುತ್ತದೆ. ಪಾಠ ನಡೆಯುವಾಗ ಪ್ರಾಕ್ಟೀಸ್, ಮ್ಯಾಚ್ ಎಲ್ಲ ಸೇರಿ ವಾರಕ್ಕೆ 20 ಗಂಟೆ ದಾಟಬಾರದು ಅಂತ ನಿಯಮ ಇದೆ, ಆದರೆ ಕಾಲೇಜಿಗೆ ರಜೆ ಬಿಟ್ಟರೆ ಆ ಮಿತಿ ಇರುವುದಿಲ್ಲ, ಹಾಗಾಗಿ ಆಗಲೇ ಜಾಸ್ತಿ ದುಡಿಸುತ್ತಾರೆ.

ಇನ್ನು ವಾಕ್-ಆನ್ ಹುಡುಗರ ನಿಜವಾದ ಕೆಲಸ ಮ್ಯಾಚಲ್ಲಿ ಅಲ್ಲ, ಪ್ರಾಕ್ಟೀಸಲ್ಲಿ. ಅವರನ್ನೇ ಸೇರಿಸಿ ಸ್ಕೌಟ್ ಟೀಮ್ ಮಾಡುತ್ತಾರೆ. ಮುಂದಿನ ಮ್ಯಾಚಿನ ಎದುರಾಳಿ ಹೇಗೆ ಆಡುತ್ತಾರೋ ಹಾಗೇ ಇವರು ಆಡಿ ತೋರಿಸಬೇಕು. ನಿಮ್ಮ ತಮ್ಮ ಗಾರ್ಡ್ ಅಲ್ವಾ, ಅಂದರೆ ಈ ವಾರ ಎದುರು ಟೀಮಿನ ಎಡಗೈ ಹುಡುಗನ ಹಾಗೆ ಡ್ರಿಬಲ್ ಮಾಡಬೇಕು, ಮುಂದಿನ ವಾರ ದೂರದಿಂದ ಮೂರು ಪಾಯಿಂಟ್ ಹೊಡೆಯುವ ಇನ್ನೊಬ್ಬನ ಹಾಗೆ. ಎಲ್ಲರ ಆಟವೂ ತಲೆಯಲ್ಲಿ ಕೂರುತ್ತದೆ. ಮುಂದೆ ಕೋಚ್ ಆಗುವ ಮನಸ್ಸಿದ್ದರೆ ಇದು ಒಳ್ಳೆ ಕಲಿಕೆ.

ಹೆಸರು ಬೇಕಾದರೆ ಜೆಫ್ ಹಾರ್ನಸೆಕ್. ಅವನೂ ಗಾರ್ಡೇ, ಅಯೋವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ವಾಕ್-ಆನ್ ಆಗಿ ಸೇರಿದವನು. 1986ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ಹೊಸಬರನ್ನು ಆರಿಸುವ ಡ್ರಾಫ್ಟಿನ ಎರಡನೇ ಸುತ್ತಲ್ಲಿ ಆಯ್ಕೆಯಾಗಿ 2000ರ ತನಕ ಆಡಿದ.

ಮಡಿಕೇರಿ ಮಳೆ:
ಹಾರ್ನಸೆಕ್ ಅಪರೂಪದಲ್ಲಿ ಅಪರೂಪ, ಆ ಆಸೆ ಹುಟ್ಟಿಸಬೇಡಿ ಮಾರಾಯ್ರೆ. ಮತ್ತೆ ಆ 20 ಗಂಟೆ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಮ್ಯಾಚ್ ದಿನ ಎಷ್ಟೇ ಹೊತ್ತಾದರೂ ಬರೀ ಮೂರು ಗಂಟೆ ಅಂತ ಹಿಡಿಯುತ್ತಾರೆ, ಪ್ರಯಾಣದ ಹೊತ್ತು ಲೆಕ್ಕಕ್ಕೇ ಇಲ್ಲ. ಓದು ಎಲ್ಲಿ ಮಾಡಬೇಕು, ಬಸ್ಸಲ್ಲೇ.

ಇನ್ನೊಂದು. ಮೊದಲು ಟೀಮಿಗೆ 13 ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು, ಅದರ ಮೇಲೆ ಕೋಚ್‌ಗಳು ವಾಕ್-ಆನ್‌ಗಳನ್ನು ಸೇರಿಸಿಕೊಳ್ಳುತ್ತಿದ್ದರು. ಕಾಲೇಜು ಆಟಗಾರರಿಗೆ ದುಡ್ಡು ಕೊಡುವ ಬಗ್ಗೆ 2025ರ ಜೂನಿನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದ ಆದ ಮೇಲೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಇಡೀ ಟೀಮೇ 15 ಜನ, ಆ 15 ಜನಕ್ಕೂ ಸ್ಕಾಲರ್‌ಶಿಪ್ ಕೊಡಬಹುದು. ಹೀಗಾದರೆ ಬಿಟ್ಟಿ ಆಡುವವನಿಗೆ ಜಾಗ ಎಲ್ಲಿ? ಮುಂದಿನ ವರ್ಷ ಜಾಗ ಇರುತ್ತದಾ ಅಂತ ಕೋಚ್ ಹತ್ತಿರ ಈಗಲೇ ಕೇಳಲಿ.

ಪಿ.ಟಿ. ಮೇಷ್ಟ್ರು:
ಅಕ್ಕ, ಅಪ್ಪನಿಗೆ ಅರ್ಥ ಆಗುವ ಹಾಗೆ ಹೇಳಿ. ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಆಡುವವರಿಗೆ ದುಡ್ಡು ಕೊಡುತ್ತಾರಾ? ಬೆಂಗಳೂರಿಂದ ರಜೆ ಹಾಕಿ ಬಂದು ಮನೆತನದ ಹೆಸರಿಗೆ ಆಡುವುದಿಲ್ವಾ? 1997ರಿಂದ ನೋಡುತ್ತಿದ್ದೇವಲ್ಲ.

ಒಂದು ಮಾತ್ರ ಖಂಡಿತ ವಿಚಾರಿಸಿ. ಗಾರ್ಡ್‌ಗಳಿಗೆ ಪಾದದ ಗಂಟು, ಮಂಡಿ ಉಳುಕುವುದು ಮಾಮೂಲಿ. ಪೆಟ್ಟಾದರೆ ಆಸ್ಪತ್ರೆ ಖರ್ಚು ಕಾಲೇಜಿನದಾ, ಅವನ ಇನ್ಶೂರೆನ್ಸಿನದಾ? ಅಲ್ಲಿ ಆಸ್ಪತ್ರೆ ಬಿಲ್ ಕಟ್ಟಬೇಕಾಗಿ ಬಂದರೆ ಈ ಸಲದ ಕಾಫಿ ದುಡ್ಡು ಪೂರ್ತಿ ಹೋದೀತು.

ಗೋಣಿಕೊಪ್ಪದ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಇನ್ಶೂರೆನ್ಸ್ ವಿಷಯ ನಮಗೆ ಹೊಳೆದೇ ಇರಲಿಲ್ಲ, ತಮ್ಮನಿಗೆ ಮೆಸೇಜ್ ಹಾಕಿದ್ದೇನೆ. ಅಪ್ಪನಿಗೆ ಹಾರ್ನಸೆಕ್ ಕಥೆ ಹೇಳಿದೆ. "ಅವನ ಅಪ್ಪನಿಗೆ ತೋಟ ಇತ್ತಾ?" ಅಂದರು.