ಎಫ್ 1.8ರಲ್ಲಿ ಒಂದೇ ಕಣ್ಣು ಸ್ಪಷ್ಟವಾಗುತ್ತಿದೆ: ಡೆಪ್ತ್ ಆಫ್ ಫೀಲ್ಡ್ ಬಗ್ಗೆ ಅನುಭವಿಗಳು ತಿಳಿಸುವಿರಾ?

ಪ್ರಶ್ನೆ: ಹೊಸದಾಗಿ 50 ಮಿ.ಮೀ. ಲೆನ್ಸ್ ಕೊಂಡಿದ್ದೇನೆ. ಹಿನ್ನೆಲೆ ಮಸುಕಾಗಲೆಂದು ಎಲ್ಲ ಚಿತ್ರಗಳನ್ನೂ ಲೆನ್ಸಿನ ರಂಧ್ರವನ್ನು ಅಗಲವಾಗಿ ತೆರೆದು, ಎಫ್ 1.8ರಲ್ಲೇ ತೆಗೆಯುತ್ತೇನೆ. ಹತ್ತಿರದಿಂದ ಮುಖ ತೆಗೆದರೆ ಒಂದು ಕಣ್ಣು ಮಾತ್ರ ಸ್ಪಷ್ಟವಾಗಿರುತ್ತದೆ. ಗುಂಪಿನ ಚಿತ್ರದಲ್ಲಿ ಹಿಂದಿನ ಸಾಲಿನವರ ಮುಖಗಳು ಕಲಸಿದಂತಾಗುತ್ತವೆ. ಇದು ಲೆನ್ಸಿನ ದೋಷವೇ, ನನ್ನದೇ?

ಉತ್ತರ: ಲೆನ್ಸಿನಲ್ಲಿ ದೋಷವಿರುವಂತೆ ತೋರುವುದಿಲ್ಲ. ಫೋಕಸ್ ಮಾಡಿದ ಜಾಗದಿಂದ ಹಿಂದಕ್ಕೂ ಮುಂದಕ್ಕೂ ಎಷ್ಟರವರೆಗೆ ವಸ್ತುಗಳು ಸ್ಪಷ್ಟವಾಗಿ ಕಾಣುತ್ತವೆಯೋ ಆ ಅಂತರವನ್ನೇ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸಂವೇದಕವಿರುವ) ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್ 1.8ರಲ್ಲಿಟ್ಟು ಒಂದು ಮೀಟರ್ ದೂರದಿಂದ ತೆಗೆದಾಗ ಅದು ಸುಮಾರು 4 ಸೆಂ.ಮೀ. ಮಾತ್ರ, ಆದ್ದರಿಂದ ಮುಖ ಸ್ವಲ್ಪ ಓರೆಯಾದರೂ ಎರಡನೆಯ ಕಣ್ಣು ಆ ತೆಳುವಾದ ಪಟ್ಟಿಯಿಂದ ಆಚೆ ಹೋಗಿರುತ್ತದೆ. ಎರಡು ಮೀಟರಿಗೆ ಸರಿದು ನಿಂತರೆ ಇದೇ ಅಂತರ ಸುಮಾರು 17 ಸೆಂ.ಮೀ. ಆಗುತ್ತದೆ, ಅಂದರೆ ದೂರ ಇಮ್ಮಡಿಯಾದಾಗ ಇದು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಮೊದಲ ವರ್ಷವೆಲ್ಲ ನಾನು ಅಪರ್ಚರಿನ (ಲೆನ್ಸಿನೊಳಗೆ ಬೆಳಕು ಬರುವ ರಂಧ್ರದ) ಗಾಲಿಯನ್ನೇ ತಿರುಗಿಸುತ್ತಿದ್ದೆ. ಎರಡು ಹೆಜ್ಜೆ ಹಿಂದೆ ಸರಿಯಬಹುದೆಂಬುದು ಬಹಳ ತಡವಾಗಿ ಹೊಳೆಯಿತು. ಹತ್ತಿರದಿಂದಲೇ ತೆಗೆಯಬೇಕೆಂದಿದ್ದರೆ ಫೋಕಸ್ ಬಿಂದುವನ್ನು ಕ್ಯಾಮೆರಾಕ್ಕೆ ಸಮೀಪದ ಕಣ್ಣಿನ ಮೇಲೆ ಇಡಿ.

ಉತ್ತರ: ಮೇಲಿನ ಮಾತು ಒಬ್ಬರ ಚಿತ್ರಕ್ಕೆ ಸರಿ, ಗುಂಪಿಗೆ ಅಪರ್ಚರನ್ನು ಕಿರಿದಾಗಿಸದೆ ಬೇರೆ ದಾರಿಯಿಲ್ಲವೆಂಬುದು ನನ್ನ ಅನುಭವ. ಎಫ್ ಸಂಖ್ಯೆ ಎಂಬುದು ಲೆನ್ಸಿನ ಸಂಗಮದೂರವನ್ನು (ನಿಮ್ಮದರಲ್ಲಿ 50 ಮಿ.ಮೀ.) ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕಿಯಾದ್ದರಿಂದ, ಸಂಖ್ಯೆ ದೊಡ್ಡದಾದಂತೆ ರಂಧ್ರ ಚಿಕ್ಕದಾಗುತ್ತದೆ. ನಾಲ್ಕು ಮೀಟರ್ ದೂರದಲ್ಲಿ ಎಫ್ 1.8 ಕೊಡುವುದು ಸುಮಾರು 70 ಸೆಂ.ಮೀ., ಅದರಲ್ಲೂ ಫೋಕಸಿನ ಹಿಂದಕ್ಕೆ ಸಿಗುವುದು 40 ಸೆಂ.ಮೀ.ಗಿಂತ ಕಡಿಮೆ, ಎಫ್ 5.6ರಲ್ಲಿ ಎರಡು ಮೀಟರಿಗೂ ಹೆಚ್ಚು ಸಿಗುವುದರಿಂದ ಎರಡು ಸಾಲುಗಳು ಸಲೀಸಾಗಿ ಒಳಗೆ ಬರುತ್ತವೆ. ಆದರೆ ಆಗ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಒಮ್ಮೆ ಮನೆಯೊಳಗಿನ ಗುಂಪನ್ನು ಎಫ್ 8ರಲ್ಲಿ ತೆಗೆದಾಗ ಶಟರ್ ನಿಧಾನವಾಗಿ, ಎಲ್ಲರೂ ಅಲುಗಾಡಿದಂತೆ ಬಂದಿದ್ದರು. ನಾನು ಅದನ್ನೂ ಫೋಕಸಿನ ತಪ್ಪೆಂದೇ ಬಗೆದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿದ್ದರೆ ಸಾಕಿತ್ತು. ಹಾಗೆಂದು ಎಫ್ 22ರವರೆಗೆ ಹೋಗಬೇಡಿ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ವಿವರ್ತನೆಗೊಂಡು, ಅಂದರೆ ಅಂಚಿನಲ್ಲಿ ಬಾಗಿ ಹರಡಿಕೊಂಡು, ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಉತ್ತರ: ಹಿನ್ನೆಲೆ ಮಸುಕಾಗಲು ಎಫ್ 1.8 ಒಂದೇ ಉಪಾಯವಲ್ಲ. ವ್ಯಕ್ತಿಯನ್ನು ಗೋಡೆಯಿಂದ ನಾಲ್ಕೈದು ಮೀಟರ್ ಮುಂದಕ್ಕೆ ನಿಲ್ಲಿಸಿದರೆ ಎಫ್ 4ರಲ್ಲೂ ಗೋಡೆ ಕರಗುತ್ತದೆ, ಎರಡೂ ಕಣ್ಣು ಉಳಿಯುತ್ತವೆ. ಮೇಜಿನ ಮೇಲೆ ಅಳತೆಯ ಟೇಪನ್ನು ಉದ್ದಕ್ಕೆ ಹಾಸಿ, ಒಂದು ಅಂಕಿಗೆ ಫೋಕಸ್ ಮಾಡಿ ಬೇರೆ ಬೇರೆ ಅಪರ್ಚರುಗಳಲ್ಲಿ ತೆಗೆದು ನೋಡಿ.

ಪ್ರಶ್ನೆ ಕೇಳಿದವರಿಂದ: ಟೇಪ್ ಹಾಸಿ ನೋಡಿದೆ. ಒಂದು ಮೀಟರ್ ದೂರದಲ್ಲಿ, ಎಫ್ 1.8ರಲ್ಲಿ 98ರಿಂದ 102ರವರೆಗಿನ ಗೆರೆಗಳಷ್ಟೇ ಚೊಕ್ಕವಾಗಿವೆ. ಲೆನ್ಸನ್ನು ಹಿಂದಿರುಗಿಸುವ ಯೋಚನೆ ಬಿಟ್ಟಿದ್ದೇನೆ.