ಕಾರ್ ಹಾರ್ನ್ ಬರ್ತಾನೇ ಇಲ್ಲ, ಎಲ್ಲಿಂದ ನೋಡೋದು?

ನಿನ್ನೆವರೆಗೂ ಚೆನ್ನಾಗಿದ್ದ ಹಾರ್ನ್ ಇವತ್ತು ಸುಮ್ನಾಗಿದೆ, ಫ್ಯೂಸ್ ತೆಗೆದು ನೋಡ್ದೆ ಸುಟ್ಟಿಲ್ಲ, ಒತ್ತಿದ್ರೆ ಫ್ಯೂಸ್ ಬಾಕ್ಸ್ ಹತ್ರ ಟಿಕ್ ಅಂತ ಸದ್ದು ಮಾತ್ರ ಬರುತ್ತೆ. ಏನ್ ಮಾಡ್ಲಿ?

ಉತ್ತರ 1: ಟಿಕ್ ಅಂದ್ರೆ ರಿಲೇ (ಹಾರ್ನ್‌ಗೆ ಕರೆಂಟ್ ಬಿಡೋ ಸ್ವಿಚ್) ಎಳೀತಿದೆ, ಸ್ಟೀರಿಂಗ್ ಕಡೆ ಸ್ವಿಚ್ ಸರಿಯಿದೆ ಅಂತಾಯ್ತು. ವೋಲ್ಟ್ ಅಳೆಯೋ ಮಲ್ಟಿಮೀಟರಿನ ಕಪ್ಪು ವೈರ್ ಬ್ಯಾಟರಿ ಮೈನಸ್‌ಗೆ ಇಟ್ಟು, ಕೆಂಪು ವೈರ್ ಹಾರ್ನ್ ಕನೆಕ್ಟರ್‌ಗೆ ಇಡಿ, ಇನ್ನೊಬ್ರು ಒತ್ತಿದಾಗ 12 ವೋಲ್ಟ್ ಬಂದ್ರೆ ಹಾರ್ನೇ ಹೋಗಿದೆ ಇಲ್ಲಾ ಅರ್ಥಿಂಗ್ (ಹಾರ್ನಿಂದ ಕಾರ್ ಬಾಡಿಗೆ ಹೋಗೋ ಕನೆಕ್ಷನ್) ಬಿಟ್ಟಿದೆ. ಬರ್ಲಿಲ್ವಾ, ರಿಲೇ ಪಾಯಿಂಟ್ ಸುಟ್ಟಿರ್ಬಹುದು, ಅದೇ ನಂಬರಿನ ಬೇರೆ ರಿಲೇ ಹಾಕಿ ನೋಡಿ.

ಉತ್ತರ 2: ಸುಮ್ಸುಮ್ನೆ ಸ್ಟೀರಿಂಗ್ ಮಾತ್ರ ಬಿಚ್ಬೇಡಿ ಮಾರಾಯ್ರೆ, ಒಳಗೆ ಏರ್‌ಬ್ಯಾಗ್ ಇರುತ್ತೆ!

ಕೇಳಿದವರು: 12.3 ತೋರಿಸ್ತು. ಅರ್ಥಿಂಗ್ ಬೋಲ್ಟ್ ಪೂರ್ತಿ ತುಕ್ಕು, ಉಜ್ಜಿ ಟೈಟ್ ಮಾಡ್ದೆ, ಬಗ್ಗಿಕೊಂಡೇ ಇದ್ದೆ, ಒಳಗಿದ್ದ ಮಗ ಒತ್ತೇಬಿಟ್ಟ... ಕಿವಿ ಇನ್ನೂ ಗುಂಯ್ ಅಂತಿದೆ.